ಸಾವನದುರ್ಗದಿಂದ ಇಗ್ಗಲೂರಿಗೆ, ಮಣ್ಣಿನ ಜಾಡಿನಲ್ಲಿ

ಚಂದ್ರನ ಮಣ್ಣಿನ ಸುದ್ದಿ ಭೂಮಿಗೆ ಬಂದಾಗ ಅದನ್ನು ಕೇಳಿಸಿಕೊಳ್ಳುವ ಕಿವಿಗಳಲ್ಲಿ ಒಂದು ನಮ್ಮ ಬ್ಯಾಲಾಳಿನಲ್ಲಿದೆ. ಕೆಂಗೇರಿ ದಾಟಿ, ರಾಮೋಹಳ್ಳಿಯ ದೊಡ್ಡ ಆಲದ ಮರವನ್ನು ಹಿಂದೆ ಬಿಟ್ಟು ಮಂಚನಬೆಲೆಯ ಕಡೆಗೆ ಹೋಗುವಾಗ 32 ಮೀಟರ್ ಅಗಲದ ಬಿಳಿ ಆಂಟೆನಾ ಆಕಾಶಕ್ಕೆ ಮುಖ ಮಾಡಿ ಕೂತಿರುತ್ತದೆ. ಚಂದ್ರಯಾನ-1ಕ್ಕೆಂದು ಇಸ್ರೊ 2008ರ ಹೊತ್ತಿಗೆ ಕಟ್ಟಿದ್ದು. 2023ರ ಆಗಸ್ಟ್‌ನಲ್ಲಿ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿದ ಪ್ರಗ್ಯಾನ್ ಬಂಡಿ ಅಲ್ಲಿನ ಮಣ್ಣಿಗೆ ಲೇಸರ್ ಹೊಡೆದು, ಎದ್ದ ಕಿಡಿಯ ಬೆಳಕನ್ನು ಓದಿ, ಗಂಧಕ ಇದೆ ಎಂದು ಖಚಿತಪಡಿಸಿತು. ಸುಮಾರು 3,84,000 ಕಿಲೋಮೀಟರ್ ದೂರದ ಮಣ್ಣು!

"ಅಲ್ಲೀದು ಗೊತ್ತಾಯ್ತು. ಈ ಕಾಂಪೌಂಡಿನ ಆಚೆ ಇರೋ ರಾಗಿ ಹೊಲದಲ್ಲಿ ಗಂಧಕ ಎಷ್ಟಿದೆ ಅಂತ ಯಾರಾದ್ರೂ ಹೇಳ್ಲಿ ನೋಡೋಣ" ಎಂದರು ಗೌಡರು.

ಗೌಡರು ನಿವೃತ್ತ ಮಣ್ಣು ಸಮೀಕ್ಷಕರು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಬರೀ ಗೌಡರು. ಜೀಪಿನ ಹಿಂಬದಿಯಲ್ಲಿ ಅವರ ಸಾಮಾನು: ಗುದ್ದಲಿ, ಸನಿಕೆ, ಹಾರೆ, ಮಣ್ಣು ಕೊರೆಯುವ ಆಗರ್, ಅಳತೆ ಟೇಪು, ಚಾಕು, ಕ್ಯಾನಿನಲ್ಲಿ ನೀರು, ಪುಟ್ಟ ಸೀಸೆಯಲ್ಲಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ. ಇವೆಲ್ಲ ಯಾರು ಬೇಕಾದರೂ ಮುಟ್ಟಬಹುದು. ಮುನ್ಸೆಲ್ ಬಣ್ಣದ ಪುಸ್ತಕವನ್ನು ಮಾತ್ರ ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಆಲ್ಬರ್ಟ್ ಮುನ್ಸೆಲ್ ಅಮೆರಿಕದ ಚಿತ್ರಕಲಾ ಅಧ್ಯಾಪಕ; ಬಣ್ಣಗಳಿಗೆ ಅಂಕಿ ಕೊಡುವ ಪದ್ಧತಿಯನ್ನು 1905ರಲ್ಲಿ ಪ್ರಕಟಿಸಿದ. ಅದನ್ನು ಮಣ್ಣಿನವರು ಎತ್ತಿಕೊಂಡು ಬಿಡದೆ ಹಿಡಿದುಕೊಂಡಿದ್ದಾರೆ. ಪುಟದ ತುಂಬ ಬಣ್ಣದ ಚೌಕಗಳು, ಚೌಕದ ಪಕ್ಕಕ್ಕೊಂದು ತೂತು. ತೂತಿನ ಹಿಂದೆ ಹೆಂಟೆ ಹಿಡಿದು ಹೊಂದಿಸಿ ನೋಡುವುದು. ಬಿಸಿಲಿನಲ್ಲಿ ಪುಸ್ತಕದ ಬಣ್ಣ ಮಾಸಿದರೆ ಕೆಂಪು ಮಣ್ಣೂ ಮಾಸಿದಂತೆ ಲೆಕ್ಕಕ್ಕೆ ಬಂದುಬಿಡುತ್ತದೆ, ಅದಕ್ಕೇ ಈ ಜೋಪಾನ.

ನಮ್ಮ ದಾರಿ ದೊಡ್ಡದಲ್ಲ. ಮಾಗಡಿ ಸೀಮೆಯ ಸಾವನದುರ್ಗದ ಬುಡದಿಂದ ಹೊರಟು ರಾಮನಗರ, ಕಣ್ವ ಜಲಾಶಯ, ಚನ್ನಪಟ್ಟಣ, ಮಳೂರು ಹಾದು ಶಿಂಷಾ ನದಿಯ ಇಗ್ಗಲೂರಿಗೆ ಇಳಿಯುವುದು. ಇಳಿಯುವುದು ಎಂಬುದೇ ಮುಖ್ಯ. ಜೆಫ್ರಿ ಮಿಲ್ನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣಿನ ನಕ್ಷೆ ಮಾಡುತ್ತಿದ್ದಾಗ ಒಂದು ವಿಷಯ ಗಮನಿಸಿದ: ಗುಡ್ಡದ ನೆತ್ತಿಯಿಂದ ಕಣಿವೆಯ ತಳದವರೆಗೆ ಮಣ್ಣುಗಳು ಒಂದು ಕ್ರಮದಲ್ಲಿ ಸಾಲುಗಟ್ಟಿರುತ್ತವೆ, ಪಕ್ಕದ ಗುಡ್ಡಕ್ಕೆ ಹೋದರೆ ಅದೇ ಸಾಲು ಮತ್ತೆ ಸಿಗುತ್ತದೆ. ಈ ಸಾಲು ಹಿಡಿದರೆ ಪ್ರತಿ ಹೊಲ ಅಗೆಯಬೇಕಿಲ್ಲ. ನಕ್ಷೆ ಮಾಡುವವರ ಧೈರ್ಯವೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿದೆ.

ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ 1226 ಮೀಟರ್. ಇಡೀ ಬೆಟ್ಟ ಒಂದೇ ಬಂಡೆ ಎನ್ನುವಂತೆ ಮೇಲೆದ್ದಿದೆ. ಭೂವಿಜ್ಞಾನದಲ್ಲಿ ಇದು ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಿಂದೆ ಕರಗಿ, ಮೇಲೆ ನುಗ್ಗಿ, ತಣಿದದ್ದು. ನಾಡಿನ ಉದ್ದಕ್ಕೂ ದಕ್ಷಿಣೋತ್ತರವಾಗಿ ನಾನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಹಬ್ಬಿದೆ. ಹೆಸರಿನ ಕಥೆ ತಮಾಷೆಯದು. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಆಗಿದ್ದ ಊರು ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ನೆನಪಿಗೆ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು, 2007ರಲ್ಲಿ ಜಿಲ್ಲಾ ಕೇಂದ್ರವೂ ಆಯಿತು. ಆ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಊರಿನವರು ಮರೆತ ಕ್ಲೋಸ್ ಸಾಹೇಬನನ್ನು ಜಗತ್ತಿನ ಭೂವಿಜ್ಞಾನಿಗಳು ಮಾತ್ರ ಇನ್ನೂ ಬಿಟ್ಟಿಲ್ಲ.

ಬಂಡೆಯ ಬುಡದಲ್ಲಿ ಗೌಡರು ಮೊದಲ ಗುಂಡಿಗೆ ಜಾಗ ತೋರಿಸಿದರು. ಕೂಲಿಯವನು ಒಂದಡಿ ಅಗೆಯುವಷ್ಟರಲ್ಲಿ ಹಾರೆ ಕಲ್ಲಿಗೆ ತಗುಲಿ ಸದ್ದು ಮಾಡಿತು. ಎರಡು ಮೀಟರ್ ಆಳ ಅಥವಾ ಬಂಡೆ, ಯಾವುದು ಮೊದಲು ಸಿಗುತ್ತದೋ ಅಲ್ಲಿಗೆ ಗುಂಡಿ ಮುಗಿಯಿತು ಎಂಬುದು ಕಸುಬಿನ ನಿಯಮ. ಮೇಲಿನದು ಬರೀ ಗರಸು: ಬಿಳಿ ಬೆಣಚಿನ ಹರಳು, ಗುಲಾಬಿ ಫೆಲ್ಡ್‌ಸ್ಪಾರಿನ ಚೂರು. ಅಲ್ಲೇ ಕೂತು ಗೌಡರು ಕಣಿವೆಯ ಕಡೆ ಕೈ ಮಾಡಿದರು. ಮಳೆ ನೀರು ಈ ಫೆಲ್ಡ್‌ಸ್ಪಾರನ್ನು ಕೊಳೆಸಿ ಜೇಡಿ ಮಾಡುತ್ತದೆ; ಬೆಣಚು ಕೊಳೆಯುವುದಿಲ್ಲ, ಮರಳಾಗಿ ಉಳಿಯುತ್ತದೆ; ಕಪ್ಪು ಅಭ್ರಕದಂಥ ಖನಿಜಗಳಿಂದ ಬಿಟ್ಟ ಕಬ್ಬಿಣ ತುಕ್ಕು ಹಿಡಿದು ಎಲ್ಲಕ್ಕೂ ಕೆಂಪು ಬಳಿಯುತ್ತದೆ. ಜೇಡಿ ಹಗುರ, ನೀರಿನ ಜೊತೆ ಕೆಳಗೆ ಹೋಗುತ್ತದೆ. ಹಾಗಾಗಿ ಇಲ್ಲಿ ಗರಸು, ಇಳಿಜಾರಿನಲ್ಲಿ ಕೆಂಪು, ತಗ್ಗಿನಲ್ಲಿ ಬೂದು. ಮೂವತ್ತು ವರ್ಷದ ಅನುಭವವನ್ನು ಅವರು ಮೂರು ವಾಕ್ಯದಲ್ಲಿ ಹೇಳಿ ಮುಗಿಸಿದ್ದು ಹೀಗೆ. ಉಳಿದದ್ದೆಲ್ಲ ಇದರ ಅಪವಾದಗಳು.

ರಾಮನಗರದ ಈಚೆ ಒಂದು ಮಾವಿನ ತೋಪಿನ ಅಂಚಿನಲ್ಲಿ ಎರಡನೇ ಗುಂಡಿ. ಅರ್ಧ ಅಗೆದಿರಲಿಲ್ಲ, ತೋಪಿನ ಯಜಮಾನರು ಬೈಕಿನಲ್ಲಿ ಬಂದರು.

"ಏನ್ ಸಾ, ರೋಡ್ ಬರ್ತದಾ?"

"ಇಲ್ಲ ಯಜಮಾನ್ರೇ, ಮಣ್ಣು ನೋಡ್ತಿದೀವಿ."

"ಮಣ್ಣಲ್ಲಿ ನೋಡಾದೇನೈತೆ? ರೋಡಿಗಾದ್ರೆ ಈಗ್ಲೇ ಹೇಳ್ಬುಡಿ."

ಗುಂಡಿ ತೋಡುವವರನ್ನು ಹಿಂದೆಲ್ಲ ನಿಧಿ ಹುಡುಕುವವರು ಎಂದು ಶಂಕಿಸುತ್ತಿದ್ದರಂತೆ. ಆ ಕಾಲ ಹೋಯಿತು. ನಂಬಿಕೆ ಹುಟ್ಟಲಿ ಎಂದು ಗೌಡರು ಯಜಮಾನರ ಮೊಬೈಲಿನಲ್ಲೇ ಪಹಣಿ ತೆಗೆಸಿದರು. ವಿಸ್ತೀರ್ಣ, ಖರಾಬು, ಕಂದಾಯಗಳ ನಡುವೆ 'ಮಣ್ಣಿನ ನಮೂನೆ' ಎಂಬ ಅಂಕಣವಿದೆ. ಅಲ್ಲಿ ಒಂದೇ ಪದ: ಕೆಂಪು. ಇಷ್ಟು ವರ್ಷ ಅದನ್ನು ಯಾರೂ ಓದಿರಲಿಲ್ಲ, ಯಜಮಾನರೂ ಸೇರಿ.

ಆ ಒಂದು ಪದದ ಹಿಂದೆ ದೊಡ್ಡ ಶ್ರಮ ಹೂತುಹೋಗಿದೆ. ಹಳೆ ಕಾಲದಲ್ಲಿ ಹೊಲವನ್ನು ಬಿತ್ತನೆಯ ಲೆಕ್ಕದಲ್ಲಿ ಅಳೆಯುತ್ತಿದ್ದರು. ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಗದ್ದೆ ಎಂದರೆ ಅಳತೆಯೊಳಗೆ ಮಣ್ಣಿನ ಗುಣವೂ ಅಷ್ಟಿಷ್ಟು ಸೇರಿರುತ್ತಿತ್ತು. ಸರಪಳಿ ಬಂದ ಮೇಲೆ ಎಕರೆ, ಗುಂಟೆ ಬೇರೆಯಾಯಿತು, ಮಣ್ಣು ಬೇರೆಯಾಯಿತು. ಆಗ ಮಣ್ಣಿಗೆ ಬೆಲೆ ಕಟ್ಟಲು ಮುಂಬಯಿ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಆಣೆಯ ಪದ್ಧತಿ ತಂದರು. ಮೈಸೂರು ಸಂಸ್ಥಾನದಲ್ಲಿ ಅದೇ ಮಾದರಿಯ ಸರ್ವೆ 1863ರಲ್ಲಿ ಶುರುವಾಯಿತು. ಆಳವಾದ ಒಳ್ಳೆ ಮಣ್ಣಿಗೆ 16 ಆಣೆ. ಆಳ ಕಡಿಮೆಯಾದಂತೆ, ಬಣ್ಣ ಕಪ್ಪಿನಿಂದ ಕೆಂಪಿಗೆ, ಕೆಂಪಿನಿಂದ ಗರಸಿಗೆ ಇಳಿದಂತೆ ಆಣೆ ಕಡಿಮೆ. ಇದಲ್ಲದೆ ದೋಷಗಳ ಪಟ್ಟಿ: ಸುಣ್ಣಕಲ್ಲು, ಮರಳು, ಇಳಿಜಾರು, ನೀರು ನಿಲ್ಲುವುದು, ನೀರಿಗೆ ಕೊಚ್ಚಿಹೋಗುವುದು. ಒಂದೊಂದು ದೋಷಕ್ಕೆ ಒಂದೊಂದು ಮೆಟ್ಟಿಲು ಕೆಳಗೆ. ವರ್ಗೀಕರಣದ ಗುಮಾಸ್ತ ಹೊಲವನ್ನು ಭಾಗ ಮಾಡಿಕೊಂಡು, ಒಂದೊಂದು ಭಾಗದಲ್ಲೂ ಹಾರೆಯಿಂದ ಚುಚ್ಚಿ ನೋಡಿ ಅಂಕಿ ಬರೆಯುತ್ತಿದ್ದ.

ಕಂದಾಯ ವಸೂಲಿಗಾಗಿ ಹುಟ್ಟಿದ ಪದ್ಧತಿ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆಳ, ಬಣ್ಣ, ಗರಸು, ಇಳಿಜಾರು ಎಂಬ ಆ ಗುಮಾಸ್ತನ ಪಟ್ಟಿಯೇ ಇವತ್ತಿನ ಸಮೀಕ್ಷೆಯ ಪಟ್ಟಿಯೂ ಹೌದು. ಅವನು ರೂಪಾಯಿಗೆ ಇಷ್ಟಾಣೆ ಎಂದು ಬರೆದದ್ದನ್ನು ಈಗ 'ಎಚ್-ಬಿ-2-ಜಿ-1' ಎಂದು ಬರೆಯುತ್ತಾರೆ: ಮೇಲ್ಮಣ್ಣು ಮರಳು ಮಿಶ್ರಿತ ಜೇಡಿಗೋಡು, ಇಳಿಜಾರು ನೂರಕ್ಕೆ 1ರಿಂದ 3, ಸವಕಳಿ ಮಧ್ಯಮ, ಗರಸು ನೂರಕ್ಕೆ 15ರಿಂದ 35. ಗುಮಾಸ್ತನಿಗೆ ಸಿಕ್ಕ ಗೌರವ ಮಾತ್ರ ಕಡಿಮೆ. ರೈತರು ಅವನಿಗೆ ಹೆದರಿದರು, ವಿಜ್ಞಾನಿಗಳು ಅವನನ್ನು ಮರೆತರು.

ಗುಂಡಿಯ ಗೋಡೆ ಸಿದ್ಧವಾಯಿತು. ಗೌಡರು ಚಾಕುವಿನಿಂದ ಮೇಲಿಂದ ಕೆಳಕ್ಕೆ ಕೆರೆದು ತಾಜಾ ಮುಖ ತೆಗೆದರು. ಮೇಲಿನ ಗೇಣಿನಷ್ಟು ಕಂದು, ಬೇರುಗಳಿಂದ ತುಂಬಿದ ಸಡಿಲ ಮಣ್ಣು. ಅದರಡಿ ಕೆಂಪೇರುತ್ತಾ ಬಿಗಿಯಾಗುತ್ತಾ ಹೋಗಿದೆ. ಒಂದು ಹೆಂಟೆ ಮುರಿದು ಬಿಸಿಲಿಗೆ ತಿರುಗಿಸಿದರೆ ಒಳಗಿನ ಮುಖಗಳಲ್ಲಿ ಸಣ್ಣ ಮಿರುಗು. ಮೇಲಿಂದ ತೊಳೆದು ಬಂದ ಜೇಡಿ ಪದರಪದರವಾಗಿ ಅಂಟಿ ಕೂತದ್ದು ಅದು. ಎಷ್ಟು ನೂರು, ಎಷ್ಟು ಸಾವಿರ ಮಳೆಗಾಲದ ಲೆಕ್ಕವೋ. ಬೆಂಗಳೂರು ಜಿಕೆವಿಕೆ ಆವರಣದಲ್ಲಿರುವ ಕೆಂಪು ಮಣ್ಣೂ ಇದೇ ಕುಲದ್ದು. ಅದನ್ನು ವಿಜಯಪುರ ಸರಣಿ ಎನ್ನುತ್ತಾರೆ. ಗೋಳಗುಮ್ಮಟದ ವಿಜಯಪುರವಲ್ಲ, ದೇವನಹಳ್ಳಿ ಹತ್ತಿರದ್ದು. ಮಣ್ಣಿನ ಸರಣಿಗೆ ಅದು ಮೊದಲು ಗುರುತಿಸಲ್ಪಟ್ಟ ಊರಿನ ಹೆಸರಿಡುವುದು ವಾಡಿಕೆ.

ಇನ್ನು ಬೆರಳಿನ ಕೆಲಸ. ಚಿಟಿಕೆ ಮಣ್ಣಿಗೆ ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯುವುದು. ಪಟ್ಟಿ ಎಷ್ಟುದ್ದ ಬಂದು ಮುರಿಯಿತು ಎಂಬುದರ ಮೇಲೆ ಜೇಡಿಯ ಪಾಲು. ಕಿವಿಯ ಹತ್ತಿರ ಉಜ್ಜಿದರೆ ಮರಳು ಕೇಳಿಸುತ್ತದೆ. ಅನುಮಾನ ಬಂದರೆ ಹಲ್ಲಿನಲ್ಲಿ ಕಡಿದು ನೋಡುವುದೂ ಉಂಟು. ಗೌಡರು ಕಣ್ಣು ಮುಚ್ಚಿಕೊಂಡು "ಜೇಡಿ ಮೂವತ್ತೆಂಟು" ಎಂದರು. ಪ್ರಯೋಗಾಲಯದಲ್ಲಿ ಇದೇ ಅಂಕಿಗೆ ಮಣ್ಣನ್ನು ನೀರಿನ ಜಾಡಿಯಲ್ಲಿ ಕದಡಿ, ಕಣಗಳು ತಳ ಸೇರುವುದನ್ನು ಗಂಟೆಗಟ್ಟಲೆ ಕಾಯಬೇಕು. ನುರಿತ ಬೆರಳು ಐದಾರು ಅಂಕದ ಆಚೀಚೆ ತಪ್ಪುವುದಿಲ್ಲ ಎನ್ನುವುದು ಅವರ ಮಾತು. ಯಜಮಾನರೂ ಒಂದು ಚಿಟಿಕೆ ತೆಗೆದುಕೊಂಡು ಉಜ್ಜಿದರು. ಅಂಕಿ ಹೇಳಲಿಲ್ಲ. "ಇದು ಬಾದಾಮಿಗೆ ಆಯ್ತದೆ, ತೋತಾಪುರಿಗೆ ಇನ್ನೂ ಆಯ್ತದೆ" ಎಂದರು.

ಮಣ್ಣಿನ ಪೂರ್ತಿ ನಿಲುವು ನೋಡಬೇಕಾದರೆ ಗುಂಡಿಗಿಂತ ಹೆದ್ದಾರಿ ಒಳ್ಳೆಯದು. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗೆ ಸರಿಸಿ ಹೋಗುವ ಈ ದಾರಿಗೆ ದಿಬ್ಬಗಳನ್ನು ಕಡಿದಲ್ಲೆಲ್ಲ ನೆಲದ ಒಳಗು ಬಯಲಾಗಿತ್ತು. ಸರ್ವಿಸ್ ರಸ್ತೆಯ ಬದಿಯ ಅಂಥದೊಂದು ಕಡಿತದಲ್ಲಿ ಆಳೆತ್ತರದ ಕೆಂಪು ಮಣ್ಣಿನ ಕೆಳಗೆ ಕೊಳೆತ ಕಲ್ಲು ಕಂಡಿತು. ನೋಡಲು ಬಂಡೆಯೇ: ಹರಳುಗಳು ಅದದೇ ಜಾಗದಲ್ಲಿ, ಬಿಳಿ ಗೆರೆಗಳು ಹಾಗೇ ಹರಿದಿವೆ. ಉಗುರಿನಿಂದ ಕೆರೆದರೆ ಪುಡಿ. ಬಂಡೆ ಮಣ್ಣಾಗುವ ಅರ್ಧ ದಾರಿಯಲ್ಲಿ ನಿಂತಿರುವುದನ್ನು ನೋಡಲು ನಾನು ಎಲ್ಲಿಗೆ ಬೇಕಾದರೂ ಹೋಗಲು ಸಿದ್ಧನಿದ್ದೆ. ಚಹಾದಂಗಡಿಯ ಎದುರಿಗೇ ಸಿಕ್ಕಿತು. ಆ ಅಂಗಡಿಯವರು ತಗಾದೆಯ ದನಿಯಲ್ಲಿ ಹೇಳಿದ್ದು ಬೇರೆ: "ಮಣ್ಣು ಯಾವ ಜಾತೀದಾದ್ರೇನ್ ಸಾ, ಈಗೆಲ್ಲಾ ಚದರಡಿ ಲೆಕ್ಕ."

ಅವರ ಮಾತಿನಲ್ಲಿ ನಿಜವಿದೆ. ಜಗತ್ತಿನಲ್ಲೆಲ್ಲ ನೆಲವನ್ನು ಎಂಟು ವರ್ಗ ಮಾಡುವ ಪದ್ಧತಿಯೊಂದು ಅಮೆರಿಕದಿಂದ 1961ರಲ್ಲಿ ಬಂತು. ಮೊದಲ ನಾಲ್ಕು ಬೇಸಾಯಕ್ಕೆ, ಉಳಿದವು ಹುಲ್ಲಿಗೆ, ಕಾಡಿಗೆ, ಸುಮ್ಮನೆ ಬಿಡುವುದಕ್ಕೆ. ಬಿಡದಿಯಿಂದ ಚನ್ನಪಟ್ಟಣದವರೆಗೆ ಹೊಸ ಬಡಾವಣೆಯ ಕಲ್ಲು ನೆಟ್ಟಿರುವ ಜಾಗಗಳನ್ನು ಗೌಡರು ಜೀಪಿನಿಂದಲೇ ತೋರಿಸುತ್ತಾ ಬಂದರು: ಎರಡನೇ ವರ್ಗ, ಎರಡು, ಮೂರು, ಎರಡು. ಏಳನೇ ವರ್ಗದ ಗರಸಿನಲ್ಲಿ ಮನೆ ಕಟ್ಟಿದರೆ ಅಡಿಪಾಯಕ್ಕೂ ಒಳ್ಳೆಯದು, ಆದರೆ ಅದು ರಸ್ತೆಗೆ ದೂರ. ಹೀಗಾಗಿ ಮಟ್ಟಸವಾದ, ಆಳವಾದ, ನೀರು ಹಿಡಿಯುವ ನೆಲವೇ ಮೊದಲು ಸಿಮೆಂಟಿನಡಿ ಹೋಗುತ್ತದೆ. ನೆಲದ ಬಳಕೆಯ ನಕ್ಷೆ ಉಪಗ್ರಹದಿಂದ ಬೇಗ ಬೇಗ ಬರುತ್ತದೆ; ಯುರೋಪಿನ ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ಇದೇ ಜಾಗವನ್ನು ಹತ್ತು ಮೀಟರ್ ಚೌಕಗಳಲ್ಲಿ ಚಿತ್ರ ತೆಗೆಯುತ್ತದೆ. ಮಣ್ಣಿನ ನಕ್ಷೆಗೆ ಆ ಅವಸರ ಇಲ್ಲ. ಅದು ಕೈಗೆ ಬರುವ ಹೊತ್ತಿಗೆ ಕೆಲವು ಗುಂಡಿಗಳ ಮೇಲೆ ಮನೆಗಳು ಎದ್ದಿರುತ್ತವೆ.

ಹೆಬ್ಬಾಳದಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಮುಖ್ಯ ಕಚೇರಿ ನಾಗಪುರ. ಅವರು ಕರ್ನಾಟಕಕ್ಕೆ ಮಾಡಿದ ಹಳೆಯ ನಕ್ಷೆ 1:2,50,000 ಅಳತೆಯದು. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರಿಗೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಹೆಬ್ಬೆರಳು ಇಟ್ಟರೆ ಚನ್ನಪಟ್ಟಣವೇ ಮುಚ್ಚಿಹೋಗುತ್ತದೆ. ಆಮೇಲೆ ವಿಶ್ವಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ಸರ್ವೆ ನಂಬರುಗಳಿರುವ 1:7,920ರ ಗ್ರಾಮನಕ್ಷೆ ಹಿಡಿದು, ಹೊಲಹೊಲದ ಮಣ್ಣು ಬರೆಯುವ ಕೆಲಸ ನಡೆಯಿತು. ಅದರಲ್ಲಿದ್ದದ್ದು 11 ಜಿಲ್ಲೆಗಳು. ಪಕ್ಕದ ತುಮಕೂರು, ಚಾಮರಾಜನಗರ ಇದ್ದವು, ರಾಮನಗರ ಇರಲಿಲ್ಲ.

ಗುಂಡಿ ತೋಡದೆಯೂ ನಕ್ಷೆ ಮಾಡುವವರಿದ್ದಾರೆ. ರಷ್ಯದ ದೊಕುಚಾಯೆವ್ 1883ರಲ್ಲಿ, ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಿಸ್ ವಿಜ್ಞಾನಿ ಹ್ಯಾನ್ಸ್ ಯೆನ್ನಿ 1941ರಲ್ಲಿ ಹೇಳಿದ್ದನ್ನೇ ಅವರು ಕಂಪ್ಯೂಟರಿಗೆ ಹಾಕಿದ್ದಾರೆ. ಮಣ್ಣು ಎಂದರೆ ಹವೆ, ಜೀವಿಗಳು, ನೆಲದ ಏರಿಳಿತ, ಮೂಲಶಿಲೆ, ಕಾಲ ಇವುಗಳ ಫಲ. ಈ ಐದೂ ಗೊತ್ತಿದ್ದರೆ ಆರನೆಯದನ್ನು ಊಹಿಸಬಹುದು. ಎರಡು ಗುಂಡಿಗಳ ನಡುವಿನ ಜಾಗವನ್ನು ತುಂಬುವ ಗಣಿತಕ್ಕೆ ಮೂಲ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದೆ: ಡ್ಯಾನಿ ಕ್ರಿಗ ಎಂಬ ಗಣಿ ಎಂಜಿನಿಯರು ಅಲ್ಲೊಂದು ಇಲ್ಲೊಂದು ತೆಗೆದ ಮಾದರಿಯಿಂದ ನಡುವಿನ ಅದಿರನ್ನು ಅಂದಾಜು ಮಾಡಲು 1951ರಲ್ಲಿ ದಾರಿ ತೋರಿಸಿದ. ಹಾಲೆಂಡಿನ ವಾಗೆನಿಂಗೆನ್‌ನಲ್ಲಿರುವ ಐಎಸ್‌ಆರ್‌ಐಸಿ ಸಂಸ್ಥೆ ಇಂಥ ಲೆಕ್ಕದಿಂದ ಇಡೀ ಭೂಮಿಯನ್ನು 250 ಮೀಟರಿನ ಚೌಕಗಳಲ್ಲಿ ತುಂಬಿಸಿ 'ಸಾಯಿಲ್‌ಗ್ರಿಡ್ಸ್' ಎಂದು ಬಿಟ್ಟಿದೆ. ಕಣ್ವ ಜಲಾಶಯದ ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ತೆರೆದೆ. ಆಳಕ್ಕೊಂದರಂತೆ ಜೇಡಿ, ಮರಳು, ಇಂಗಾಲ, ರಸಸಾರ ಎಲ್ಲಕ್ಕೂ ಅಂಕಿ ಇದೆ. ಅದರ ಪಕ್ಕದಲ್ಲೇ ಈ ಅಂಕಿ ಎಲ್ಲಿಂದ ಎಲ್ಲಿಯವರೆಗೆ ತಪ್ಪಿರಬಹುದು ಎಂಬ ಇನ್ನೊಂದು ಅಂಕಿಯೂ ಇದೆ.

ಆ ಇನ್ನೊಂದು ಅಂಕಿ ನನಗೆ ಹೆಚ್ಚು ಹಿಡಿಸಿತು. ಗೌಡರಿಗೆ ಚೌಕ ಹಿಡಿಸಲಿಲ್ಲ. 250 ಮೀಟರ್ ಚೌಕ ಎಂದರೆ ಹದಿನೈದೂವರೆ ಎಕರೆ. ನಮ್ಮ ಎದುರಿಗೇ ಅಷ್ಟು ಜಾಗದಲ್ಲಿ ಒಂದು ಬಂಡೆ, ಅದರ ಕೆಳಗೆ ಹುರುಳಿ ಹೊಲ, ಆಮೇಲೆ ತೆಂಗಿನ ತೋಟ, ಕೊನೆಗೆ ಕೆರೆಯ ಹಿನ್ನೀರಿನ ಗೋಡು. "ನಾಲ್ಕರ ಸರಾಸರಿ ತೆಗೆದ್ರೆ ಐದನೇ ಮಣ್ಣು ಬರ್ತದೆ. ಆ ಐದನೇದು ಇಲ್ಲಿ ಎಲ್ಲೂ ಇಲ್ಲ."

ಕಣ್ವ ಕಟ್ಟಿದ್ದು 1946ರಲ್ಲಿ. ರೇಷ್ಮೆಯವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು. ಇಲ್ಲಿನ ಸರ್ಕಾರಿ ರೇಷ್ಮೆ ಕೃಷಿಕ್ಷೇತ್ರದಲ್ಲಿ ಮೈಸೂರು ಸ್ಥಳೀಯ ಹಿಪ್ಪುನೇರಳೆಯಿಂದ ಆರಿಸಿ ತೆಗೆದ ತಳಿಯೇ ಕಣ್ವ-2, ಎಂ-5 ಎಂದು ನಾಡೆಲ್ಲ ಹಬ್ಬಿದ್ದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಬರುವವರೆಗೆ ಅದರದೇ ರಾಜ್ಯ. ಎಂ-5ಕ್ಕೆ ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 300 ಕಿಲೋ ಸಾರಜನಕ, 120 ರಂಜಕ, 120 ಪೊಟ್ಯಾಷ್ ಎಂಬ ಶಿಫಾರಸು. ವಿ-1ಕ್ಕೆ ಇನ್ನೂ ಹೆಚ್ಚು. ಹುಳ ತಿನ್ನುವುದು ಸೊಪ್ಪು, ಸೊಪ್ಪು ತಿನ್ನುವುದು ಮಣ್ಣು. ಹಾಗಾಗಿ ಈ ಸೀಮೆಯಲ್ಲಿ ಮಣ್ಣು ಪರೀಕ್ಷೆಯ ಚೀಟಿಗೆ ಬೇರೆ ಕಡೆಗಿಂತ ಬೆಲೆ ಇರುತ್ತದೆ ಎಂದು ಲೆಕ್ಕ ಹಾಕಿದ್ದೆವು.

ಹುಳದ ಮನೆಯೊಂದರ ಮುಂದೆ ಚಂದ್ರಿಕೆಗಳನ್ನು ಬಿಸಿಲಿಗಿಡುತ್ತಿದ್ದ ಹೆಂಗಸು ಗೌಡರ ಪ್ರಶ್ನೆ ಕೇಳಿ ನಕ್ಕರು. "ಕಾರ್ಡು ಐತೆ ಕಣಣ್ಣ. ಹುಳ ನಾಕನೇ ಜ್ವರ ಎದ್ದವೆ, ಈಗ ಹುಡುಕಕ್ಕೆ ಪುರಸೊತ್ತಿಲ್ಲ." ಆಮೇಲೆ ಮಗನನ್ನು ಕೂಗಿ ತರಿಸಿಕೊಟ್ಟರು.

2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡು ಯೋಜನೆಯ ಚೀಟಿ ಅದು. ಹನ್ನೆರಡು ಸಾಲು: ರಸಸಾರ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯಬೇಕೆಂದು ನಿಯಮ. ಗೌಡರು ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಮಾಡಿದರು. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 22 ಲಕ್ಷ ಕಿಲೋ. ಎರಡೂವರೆ ಹೆಕ್ಟೇರಿಗೆ 55 ಲಕ್ಷ. ಚೀಲಕ್ಕೆ ಹೋಗುವುದು ಅರ್ಧ ಕಿಲೋ. ಇಂಗಾಲದ ಪರೀಕ್ಷೆಗೆ ತೂಗುವುದು ಒಂದು ಗ್ರಾಂ, ಕೆಲವೊಮ್ಮೆ ಅದಕ್ಕೂ ಕಡಿಮೆ. ಆ ಪರೀಕ್ಷೆಯನ್ನು ವಾಕ್ಲಿ, ಬ್ಲ್ಯಾಕ್ ಎಂಬ ಇಬ್ಬರು 1934ರಲ್ಲಿ ಕೊಟ್ಟರು. ಅದರಲ್ಲಿ ಇಂಗಾಲವೆಲ್ಲ ಉರಿಯುವುದಿಲ್ಲ, ನೂರಕ್ಕೆ ಸುಮಾರು 77 ಪಾಲು ಮಾತ್ರ ಉರಿಯುತ್ತದೆ ಎಂದು ಇಟ್ಟುಕೊಂಡು 1.3ರಿಂದ ಗುಣಿಸುವುದು ರೂಢಿ. ಹೀಗೆ ಅಂದಾಜಿನ ಮೇಲೆ ಅಂದಾಜು ಕೂತು, ಕೊನೆಗೆ ಚೀಟಿಯಲ್ಲಿ ದಶಾಂಶದ ಎರಡು ಸ್ಥಾನದವರೆಗೆ ಅಚ್ಚಾಗಿರುತ್ತದೆ. ತಪ್ಪಿನ ಅಂತರ ಹೇಳುವ ಆ ಹಾಲೆಂಡಿನ ಎರಡನೇ ಅಂಕಿ ಇಲ್ಲಿ ಇಲ್ಲ. ಅದು ಇರಬೇಕಿತ್ತು. ರೈತರಿಗೆ ಗೊಂದಲವಾಗುತ್ತದೆ ಎಂಬ ಸಬೂಬು ನನಗೆ ಒಪ್ಪಿಗೆಯಿಲ್ಲ. ಮಳೆಯನ್ನೇ ನಂಬಿ ಬಿತ್ತುವವರಿಗೆ 'ಇಷ್ಟಿರಬಹುದು' ಎಂಬ ಮಾತು ಹೊಸದೇ?

ಆ ಚೀಟಿಯಲ್ಲಿ ಗಂಧಕ ಕಡಿಮೆ ಎಂದಿತ್ತು. ಅದು ಆ ಮನೆಯೊಂದರ ಕಥೆಯಲ್ಲ. 2009ರಲ್ಲಿ ಇಕ್ರಿಸ್ಯಾಟ್ ಜೊತೆಗೂಡಿ ರಾಜ್ಯ ಸರ್ಕಾರ ಶುರುಮಾಡಿದ ಭೂಚೇತನದಲ್ಲಿ ಜಿಲ್ಲೆಜಿಲ್ಲೆಗಳ ಹೊಲಗಳಿಂದ ಬಂದ ಮಾದರಿಗಳು ಗಂಧಕ, ಸತು, ಬೋರಾನ್ ಕೊರತೆಯನ್ನೇ ಹೇಳಿದವು. ಕಾರಣಗಳಲ್ಲಿ ಒಂದು ಗೊಬ್ಬರದಂಗಡಿಯಲ್ಲೇ ಇದೆ. ಹಳೆಯ ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಜೊತೆಗೆ ನೂರಕ್ಕೆ ಹನ್ನೊಂದು ಪಾಲು ಗಂಧಕ ಪುಕ್ಕಟೆಯಾಗಿ ಬರುತ್ತಿತ್ತು. ಡಿಎಪಿ ಬಂದ ಮೇಲೆ ರಂಜಕ ಹೆಚ್ಚಾಯಿತು, ಗಂಧಕ ನಿಂತುಹೋಯಿತು. "ಜಿಪ್ಸಂ ಹಾಕಮ್ಮ, ಸರಿಹೋಗ್ತದೆ" ಎಂದರು ಗೌಡರು. "ಅಂಗ್ಡೀಲಿ ಕೇಳ್ದೆ ಕಣಣ್ಣ. ಹದಿನೇಳು-ಹದಿನೇಳು ಐತೆ, ಬೇಕಾದ್ರೆ ತಕೊಂಡೋಗಿ ಅಂದ" ಎಂದರು ಆಕೆ.

ಚನ್ನಪಟ್ಟಣಕ್ಕೆ ಬಂದಾಗ ಮಧ್ಯಾಹ್ನ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಇದೇ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋದ. ಟಿಪ್ಪು ಮಡಿದ ಮರುವರ್ಷ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಮಣ್ಣು ಎಂಥದು, ಜನ ಏನು ಮಾಡುತ್ತಾರೆ ಎಂದು ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದ. ಅವನ ಮೂರು ಸಂಪುಟ 1807ರಲ್ಲಿ ಅಚ್ಚಾದವು. ಚನ್ನಪಟ್ಟಣದಲ್ಲಿ ಅವನ ಕಣ್ಣಿಗೆ ಬಿದ್ದದ್ದು ವಾದ್ಯಗಳ ಉಕ್ಕಿನ ತಂತಿ ಎಳೆಯುವ ಕಸುಬು, ಒಳ್ಳೆ ಸಕ್ಕರೆ ಮಾಡುವವರು. ಮೈಸೂರು ಸೀಮೆಯ ಮಣ್ಣುಗಳನ್ನು ಅವನು ಬರೆದದ್ದು ರೈತರ ಮಾತಿನಲ್ಲೇ: ಎರೆ, ಕೆಬ್ಬೆ, ಮರಳು. ವಸಾಹತಿನ ಲೆಕ್ಕ ಪುಸ್ತಕವಾದರೂ, ಹೊಲದವನನ್ನು ಕೇಳಿ ಬರೆಯುವ ಆ ಒಂದು ಅಭ್ಯಾಸದಿಂದ ಅದು ಇವತ್ತಿಗೂ ಓದಿಸಿಕೊಳ್ಳುತ್ತದೆ.

ಹಳೆ ಹೆದ್ದಾರಿಯ ಬೊಂಬೆ ಅಂಗಡಿಗಳಲ್ಲಿ ಮೊದಲಿನ ಗಿರಾಕಿ ಇಲ್ಲ. ಕಾರುಗಳೆಲ್ಲ ಎಕ್ಸ್‌ಪ್ರೆಸ್‌ವೇ ಹಿಡಿದಿವೆ. ಚರಕಿಯ ಮೇಲೆ ಆಲೆ ಮರದ ತುಂಡು ತಿರುಗುತ್ತಿತ್ತು. ಅರಗಿನ ಕಡ್ಡಿ ಮುಟ್ಟಿಸಿದ ಕೂಡಲೇ ಬಿಸಿಗೆ ಕರಗಿ ಹಳದಿ ಹತ್ತಿತು. ತಾಳೆಗರಿಯಿಂದ ಒತ್ತಿದಾಗ ಹೊಳಪು. ನಾನು ಅದನ್ನು ನೋಡುತ್ತಿದ್ದರೆ ಗೌಡರು ಮರದ ರಾಶಿ ನೋಡುತ್ತಿದ್ದರು. ಬಿಳಿಯಾದ, ನಯವಾದ ಈ ಮರ ಬೆಳೆಯುವುದು ಗರಸಿನಲ್ಲಿ, ಬಂಡೆ ಸಂದಿನ ಕುರುಚಲಿನಲ್ಲಿ. ಭೂಬಳಕೆಯ ನಕ್ಷೆಗಳಲ್ಲಿ ಅಂಥ ಕುರುಚಲು ಪಾಳುಭೂಮಿಯ ಪಟ್ಟಿಗೆ ಹೋಗುತ್ತದೆ. ಭೌಗೋಳಿಕ ಸೂಚಿಕೆ ಪಡೆದ, ದೇಶವಿದೇಶಕ್ಕೆ ಹೋಗುವ ಬೊಂಬೆಯ ಕಚ್ಚಾಮಾಲು ಕೊಡುವ ನೆಲಕ್ಕೆ ಆ ಹೆಸರು! ದನ ಮೇಯುವ ಗೋಮಾಳವೂ ಅದೇ ಪಟ್ಟಿ. 'ಪಾಳು' ಎಂದು ಬರೆದ ಮೇಲೆ ಅದನ್ನು ಯಾರಿಗೆ ಬೇಕಾದರೂ ಮಂಜೂರು ಮಾಡುವುದು ಸುಲಭ. ನಕ್ಷೆಯ ಬಣ್ಣದ ಸೂಚಿ ಬರೆಯುವವರು ಇಷ್ಟನ್ನು ಯೋಚಿಸಿರಲಾರರು, ಆದರೆ ಯೋಚಿಸಬೇಕು.

ಪೇಟೆಯಿಂದ ಮೂರು ಕಿಲೋಮೀಟರ್ ಮುಂದೆ, ಕಣ್ವ ನದಿಯ ದಡದಲ್ಲಿ ಮಳೂರು. ಅಂಬೆಗಾಲು ಕೃಷ್ಣನನ್ನು ನೋಡಲು ಬರುವವರ ಸಾಲು ದೊಡ್ಡದಿತ್ತು. ಅಪ್ರಮೇಯಸ್ವಾಮಿಯ ಈ ಗುಡಿ ಅಡಿಪಾಯವಿಲ್ಲದೆ ಮರಳಿನ ಮೇಲೆ ನಿಂತಿದೆ ಎಂದು ಊರವರ ನಂಬಿಕೆ. ಗೌಡರು ಅಲ್ಲಗಳೆಯಲಿಲ್ಲ. ಬಿಗಿಯಾಗಿ ಕೂತ, ಅಕ್ಕಪಕ್ಕ ಸರಿಯಲು ಜಾಗವಿಲ್ಲದ ಮರಳು ಒಳ್ಳೆ ಭಾರ ಹೊರುತ್ತದೆ. ಕುಗ್ಗಿ ಹಿಗ್ಗುವ ಎರೆಗಿಂತ ಕಟ್ಟಡಕ್ಕೆ ಅದೇ ಮೇಲು. "ಆಗರ್ ಇಳಿಸಿ ನೋಡೋಣ ಅಂದ್ರೆ ಅರ್ಚಕರು ಬಿಡಲ್ಲ" ಎಂದು ಕೈಮುಗಿದು ಬಂದರು. ಮರಳಿಗೆ ಈಗ ಇರುವ ಬೆಲೆಯಲ್ಲಿ ನದಿ ಬಿಟ್ಟು ಹೊಲಕ್ಕೂ ಕೈ ಹಾಕಿದವರುಂಟು: ಕೆಂಪು ಮಣ್ಣನ್ನು ನೀರಿನಲ್ಲಿ ತೊಳೆದು ಫಿಲ್ಟರ್ ಮರಳು ಮಾಡುವುದು. ಜೇಡಿಯೆಲ್ಲ ಹಳ್ಳಕ್ಕೆ, ಬೆಣಚೆಲ್ಲ ಲಾರಿಗೆ. ಬಂಡೆ ಇಷ್ಟು ಕಾಲ ತೆಗೆದುಕೊಂಡು ಮಾಡಿದ್ದನ್ನು ಒಂದು ಪಂಪುಸೆಟ್ಟು ರಾತ್ರೋರಾತ್ರಿ ಬಿಡಿಸಿಹಾಕುತ್ತದೆ.

ಇಗ್ಗಲೂರಿನ ಬ್ಯಾರೇಜಿನಿಂದ ಏತ ನೀರಾವರಿಯಲ್ಲಿ ನೀರೆತ್ತಿ ಚನ್ನಪಟ್ಟಣ ತಾಲ್ಲೂಕಿನ ಕೆರೆಗಳನ್ನು ತುಂಬಿಸುತ್ತಾರೆ. ಬತ್ತಿದ ಕೊಳವೆಬಾವಿಗಳಿಗೆ ಇದರಿಂದ ಜೀವ ಬಂದದ್ದನ್ನು ದಾರಿಯುದ್ದಕ್ಕೂ ಜನ ಹೇಳಿದರು. ನೀರು ಬಂದಲ್ಲಿ ತೆಂಗು ಬಂದಿದೆ, ಹಿಪ್ಪುನೇರಳೆ ಬಂದಿದೆ. ತಗ್ಗಿನಲ್ಲಿ ಇನ್ನೊಂದೂ ಬರಬಹುದು. ಶಿಂಷೆಗೆ ಇಳಿಯುವ ಕೊನೆಯ ಗದ್ದೆಗಳಲ್ಲಿ ಮಣ್ಣು ಬೂದು, ಕೆಲವು ಕಡೆ ಮೇಲ್ಮೈಯಲ್ಲಿ ಬಿಳಿ ಒಸರು. ಸೌಳು. ಗುಡ್ಡದಿಂದ ತೊಳೆದುಬಂದ ಲವಣವೆಲ್ಲ ಇಲ್ಲಿ ಬಂದು ನಿಂತಿದೆ.

ಗೌಡರು ಬೆಳಿಗ್ಗೆಯೇ ಉಪಗ್ರಹ ಚಿತ್ರ ನೋಡಿ ಗ್ರಾಮನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದರು: ಮೇಲೆ ಕೆಂಪು, ಕೆಳಗೆ ಬೂದು. ಗದ್ದೆಯವನಿಗೆ ಗೆರೆ ತೋರಿಸಿದಾಗ ಅವನು ತಲೆ ಆಡಿಸಿದ. ಬದುವಿನ ಮೇಲೆ ನಡೆದುಕೊಂಡು ಹೋಗಿ, ಗೌಡರ ಗೆರೆಯಿಂದ ಒಂದು ಮೂವತ್ತು ಹೆಜ್ಜೆ ಮೇಲಕ್ಕೆ, ಕಲ್ಲೊಂದನ್ನು ಇಟ್ಟ. "ಇಲ್ಲಿಂದ ಸೌಳು ಸಾ. ಭತ್ತದ ಪೈರು ಇಲ್ಲಿಂದ ಕೆಳಕ್ಕೆ ಕೆಂಪಾಯ್ತದೆ."

ಕಲ್ಲಿನ ಆಚೆ ಈಚೆ ಆಗರ್ ಇಳಿಸಿದರು. ಮೇಲಿನದು ತಣ್ಣಗಿತ್ತು, ಕೆಳಗಿನ ಮಣ್ಣಿಗೆ ಆಮ್ಲದ ಹನಿ ಬಿದ್ದ ಕೂಡಲೇ ಸುಣ್ಣ ಬುಸುಗುಟ್ಟಿತು. ಜೇಬಿನ ಮೀಟರನ್ನು ಮಣ್ಣು ಕದಡಿದ ನೀರಿಗೆ ಅದ್ದಿ ನೋಡಿದರೆ ಲವಣದ ಅಂಕಿಯೂ ಕಲ್ಲಿನ ಪರವೇ. ಗೌಡರು ರಬ್ಬರ್ ತೆಗೆದು ಗೆರೆ ಅಳಿಸಿ, ಮೇಲಕ್ಕೆ ಸರಿಸಿ ಎಳೆದರು. ಈ ಸಲ ಚುಕ್ಕೆ ಚುಕ್ಕೆಯಾಗಿ.

"ಚುಕ್ಕೆ ಯಾಕೆ ಸಾ?"

"ಕೆರೆ ತುಂಬಿದ ವರ್ಷ ಇದು ಇನ್ನೂ ಮೇಲಕ್ಕೆ ಏರ್ತದಪ್ಪ. ಮಳೆಗಾಲ ಮುಗಿದ್ಮೇಲೆ ಇನ್ನೊಂದ್ಸಲ ನೋಡ್ಬೇಕು."

ಗದ್ದೆಯವನು ನಕ್ಷೆಯನ್ನೇ ನೋಡುತ್ತಾ ಕೂತ. ಚುಕ್ಕೆ ಗೆರೆ ಅವನ ಸರ್ವೆ ನಂಬರು ದಾಟಿ ಪಕ್ಕದ ಹಿಸ್ಸೆಯ ಅಂಚಿನಲ್ಲಿ ನಿಂತಿತ್ತು.

"ಸಾ, ಅಂಗೇ ಇನ್ನೊಂದು ಚೂರು ಎಳ್ದುಬುಡಿ. ಅದು ನಮ್ಮಣ್ಣನ ಪಾಲು. ಭಾಗ ಆದಾಗ ಒಳ್ಳೇದೆಲ್ಲಾ ಅವ್ನೇ ಇಟ್ಕೊಂಡ."

"ಅಲ್ಲಿಗೆ ಹೋಗಿ ಕೊರೀದೆ ಎಳೆಯಕ್ಕಾಗಲ್ಲಪ್ಪ" ಎಂದು ಗೌಡರು ಆಗರ್ ಎತ್ತಿಕೊಂಡು ಅಣ್ಣನ ಗದ್ದೆಯ ಕಡೆ ಹೊರಟರು.